ಚಲನಚಿತ್ರಗಳ ಗೃಹಸಂಗ್ರಹ

ಕನ್ನಡ ನಾಡಿನ ಇತಿಹಾಸವನ್ನು ಓದಿದವರಿಗೆಲ್ಲ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಪರಿಚಿತವಾದುದೇ. ಅಚ್ಚಿನ ಯಂತ್ರದ ಕನಸೂ ಇಲ್ಲದಿದ್ದ ಹತ್ತನೆಯ ಶತಮಾನದಲ್ಲಿ ಆಕೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಕಳೆದ ವರ್ಷ ನಮ್ಮ ಇತಿಹಾಸ ವಿಭಾಗದವರು ಲಕ್ಕುಂಡಿಗೆ ಪ್ರವಾಸ ಹೋಗಿದ್ದೆವು. ಆಕೆ ೧೦೦೭ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯದ ಮುಂದೆ ನಿಂತು ನಮ್ಮ ಗುರುಗಳು ಒಂದು ಪ್ರಶ್ನೆ ಹಾಕಿದರು: “ಸಾವಿರ ಪ್ರತಿ ಏಕೆ? ಒಳ್ಳೆಯದೊಂದು ಪ್ರತಿ ಬರೆಯಿಸಿ ಭಂಡಾರದಲ್ಲಿ ಇಟ್ಟಿದ್ದರೆ ಸಾಲದಾಗಿತ್ತೆ?” ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವೇ ಹೊರತು ಉತ್ತರ ಹೇಳಲಿಲ್ಲ. ನನಗೆ ಆ ಉತ್ತರ ದೊರೆತದ್ದು ಕೆಲವು ತಿಂಗಳ ಮೇಲೆ. ಯಾವ ಶಾಸನದಲ್ಲಿಯೂ ಅಲ್ಲ, ನಮ್ಮ ಮನೆಯ ಅಟ್ಟದ ಮೇಲೆ. ಅದನ್ನು ಗುರುಹಿರಿಯರಿಗೂ ಸಹಪಾಠಿಗಳಿಗೂ ಒಪ್ಪಿಸುವುದೇ ಈ ಲೇಖನದ ಉದ್ದೇಶ.

ಅಟ್ಟದ ಮೇಲಿನ ಪೆಟ್ಟಿಗೆಗಳು

ನನ್ನ ತಂದೆಯವರು ಏಳನೆಯ ತರಗತಿಗೆ ಓದು ನಿಲ್ಲಿಸಿದವರು. ೨೦೦೫ರಿಂದ ೨೦೧೬ರವರೆಗೆ ಅವರು ನಮ್ಮೂರ ಬಸ್ ನಿಲ್ದಾಣದ ಪಕ್ಕದಲ್ಲಿ ಸಿ.ಡಿ. ಬಾಡಿಗೆ ಅಂಗಡಿಯನ್ನು ನಡೆಸಿದರು. ದಿನಕ್ಕೆ ಹತ್ತು ರೂಪಾಯಿ ಬಾಡಿಗೆ. ಮರುದಿನ ತಂದುಕೊಡದಿದ್ದರೆ ಮೇಲೆ ಐದು. ಎಲ್ಲರ ಕೈಗೂ ಮೊಬೈಲ್ ಬಂದು, ಚಿತ್ರಗಳನ್ನು ಅದರಲ್ಲಿಯೇ ನೋಡುವ ಅನುಕೂಲವಾದ ಮೇಲೆ ಅಂಗಡಿಯ ಬಾಗಿಲು ಮುಚ್ಚಿತು. ತಂದೆಯವರು ಸರಕು ಸಾಗಿಸುವ ಆಟೊ ಹಿಡಿದರು. ನಾನ್ನೂರರಷ್ಟು ಡಿಸ್ಕುಗಳು ನಾಲ್ಕು ರಟ್ಟಿನ ಪೆಟ್ಟಿಗೆಗಳಲ್ಲಿ ಅಟ್ಟ ಸೇರಿದವು.

ದಸರೆಯ ಮುಂಚೆ ಮನೆ ತೊಳೆಯುವಾಗ ಆ ಪೆಟ್ಟಿಗೆಗಳು ಕೆಳಗಿಳಿದವು. “ಇವನ್ನ ಈಗ ಯಾರ್ ನೋಡ್ತಾರ? ಗುಜರಿಯವನಿಗೆ ಕೊಟ್ಟುಬಿಡ್ರಿ” ಎಂದರು ತಂದೆಯವರು. ಕೊಡುವ ಮೊದಲು ಒಂದೊಂದನ್ನೇ ತೆಗೆದು ನೋಡುತ್ತಿದ್ದಾಗ ಕಪ್ಪು ಬಿಳುಪಿನ ಹೊದಿಕೆಯ ಒಂದು ಡಿ.ವಿ.ಡಿ. ಕೈಗೆ ಸಿಕ್ಕಿತು. ಅದು ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’. ತರಗತಿಯಲ್ಲಿ ಅದರ ಹೆಸರನ್ನು ಕೇಳಿದ್ದೆ, ನೋಡಿರಲಿಲ್ಲ. ಅಂಗಡಿಯ ಹಳೆಯ ಖಾತೆಪುಸ್ತಕವನ್ನು ತಿರುವಿ ನೋಡಿದರೆ, ಹುಬ್ಬಳ್ಳಿಯಿಂದ ಸಗಟಾಗಿ ಬಂದ ಸರಕಿನೊಡನೆ ಬಂದಿದ್ದ ಆ ಡಿಸ್ಕು ಅಷ್ಟು ವರ್ಷಗಳಲ್ಲಿ ಎರಡೇ ಸಲ ಬಾಡಿಗೆಗೆ ಹೋಗಿತ್ತು. “ಅದು ಓಡಲಿಲ್ಲ ಯವ್ವಾ. ಬಂಗಾಲಿ ಮಾತು, ಬಣ್ಣ ಇಲ್ಲ” ಎಂದರು ತಂದೆಯವರು.

ಆ ರಾತ್ರಿ ಹಳೆಯ ಪ್ಲೇಯರನ್ನು ಒರೆಸಿ ಜೋಡಿಸಿ ಇಬ್ಬರೂ ನೋಡಲು ಕುಳಿತೆವು. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ನಾನು ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ನನ್ನ ಓದು ತಂದೆಯವರಿಗೆ ಕಣ್ಣೆದುರೇ ಉಪಯೋಗಕ್ಕೆ ಬಂದದ್ದು ಅಂದೇ ಇರಬೇಕು. ತಿಂಗಳುಗಟ್ಟಲೆ ದುಡಿಮೆಗೆಂದು ಊರು ಬಿಟ್ಟಿದ್ದ ಹರಿಹರ ಮನೆಗೆ ಬಂದು, ಮಗಳು ದುರ್ಗೆ ತೀರಿಕೊಂಡದ್ದನ್ನು ಅರಿಯದೆ, ಅವಳಿಗೆಂದು ತಂದ ಸೀರೆಯನ್ನು ಚೀಲದಿಂದ ತೆಗೆಯುವ ಸನ್ನಿವೇಶ ಬಂದಿತು. ಅಲ್ಲಿ ತಾಯಿಯ ಅಳುವಿನ ಧ್ವನಿ ಕೇಳಿಸುವುದಿಲ್ಲ. ಅದರ ಬದಲು ತಾರ್ ಶಹನಾಯಿಯ ಸ್ವರವೊಂದು ಏರುತ್ತದೆ. ನಾನು ಏನನ್ನೋ ವಿವರಿಸಲು ಹೋದೆ. “ಓದೂದು ಬಿಡವ್ವಾ, ತಿಳೀತದ” ಎಂದರು ತಂದೆಯವರು. ಅಷ್ಟರಲ್ಲಿ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಟ್ಟಿತು. ಒರೆಸಿದೆವು, ಮತ್ತೆ ಹಾಕಿದೆವು, ಪ್ರಯೋಜನವಾಗಲಿಲ್ಲ. ದೀಪಕ್ಕೆ ಹಿಡಿದು ನೋಡಿದರೆ ಡಿಸ್ಕಿನ ಅಂಚಿನಲ್ಲಿ ಸೂಜಿಮೊನೆಯಂಥ ತೂತುಗಳು ಬೆಳಕು ಬಿಡುತ್ತಿದ್ದವು. ಕೊನೆಯ ಭಾಗ ಅಂದು ನಮಗೆ ಕಾಣಲಿಲ್ಲ.

ಚಿತ್ರಗಳು ಏಕೆ ಅಳಿಯುತ್ತವೆ?

ಸಾವಿರ ವರ್ಷಗಳ ಹಿಂದಿನ ಕಾವ್ಯ ನಮಗೆ ದೊರೆಯುತ್ತದೆ; ನೂರು ವರ್ಷಗಳ ಹಿಂದಿನ ಚಿತ್ರ ದೊರೆಯುವುದಿಲ್ಲ. ಇದಕ್ಕೆ ಕಾರಣ ಚಿತ್ರದ ಶರೀರದಲ್ಲಿಯೇ ಇದೆ. ೧೯೫೦ರ ಸುಮಾರಿನವರೆಗೆ ಚಿತ್ರೋದ್ಯಮದಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದುದು ಸೆಲ್ಯುಲೋಸ್ ನೈಟ್ರೇಟ್ ಫಿಲ್ಮು. ಇದು ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. ಉರಿಯುವಾಗ ಬೇಕಾದ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರದು. ಅನಂತರ ಬಂದ ಅಸಿಟೇಟ್ ಫಿಲ್ಮು ಹಾಗೆ ಉರಿಯದಿದ್ದರೂ ಸೆಖೆ ತೇವಗಳಲ್ಲಿ ಕೊಳೆತು, ವಿನೆಗರ್ ವಾಸನೆ ಬೀರುತ್ತ ಮುರುಟಿಕೊಳ್ಳುತ್ತದೆ. ಇದರೊಡನೆ ಮನುಷ್ಯನ ಉದಾಸೀನವೂ ಸೇರಿತು. ಓಟ ಮುಗಿದ ಚಿತ್ರಕ್ಕೆ ಬೆಲೆಯಿಲ್ಲವೆಂದು ಎಸೆದವರುಂಟು. ಫಿಲ್ಮಿನಲ್ಲಿರುವ ಬೆಳ್ಳಿಗಾಗಿ ಕರಗಿಸಿದವರೂ ಉಂಟು.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ೧೯೧೨ರಿಂದ ೧೯೨೯ರವರೆಗೆ ಆ ದೇಶದಲ್ಲಿ ತಯಾರಾದ ಸುಮಾರು ೧೧,೦೦೦ ದೀರ್ಘ ಮೂಕಿ ಚಿತ್ರಗಳಲ್ಲಿ ಮೂಲರೂಪದಲ್ಲಿ ಉಳಿದಿರುವುವು ಶೇಕಡ ೧೪ ಮಾತ್ರ. ನಮ್ಮ ದೇಶದ ಮೊದಲ ವಾಕ್ಚಿತ್ರ ‘ಆಲಂ ಆರಾ’ (೧೯೩೧) ಇಂದು ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (೧೯೩೪) ಸಹ ಇಲ್ಲ. ಸುಬ್ಬಯ್ಯನಾಯ್ಡು ಅವರ ಇಂದ್ರಜಿತು, ಆರ್. ನಾಗೇಂದ್ರರಾಯರ ರಾವಣ, ತ್ರಿಪುರಾಂಬ ಅವರ ಸುಲೋಚನೆ ಇವೆಲ್ಲ ನಮಗೆ ಇಂದು ಕೇವಲ ಹೆಸರುಗಳು. ಪಂಪನು ಹೇಗೆ ಬರೆದನೆಂಬುದನ್ನು ನಾನು ಇಂದು ಓದಿ ತಿಳಿಯಬಲ್ಲೆ. ನನ್ನ ಮುತ್ತಜ್ಜನ ಕಾಲದ ಕನ್ನಡ ನಟರು ಪರದೆಯ ಮೇಲೆ ಮೊದಲ ಸಲ ಹೇಗೆ ಮಾತನಾಡಿದರೆಂಬುದನ್ನು ತಿಳಿಯಲಾರೆ. ಇದು ವಿಚಿತ್ರವಾದರೂ ನಿಜ.

ಪ್ರತಿಗಳು ಉಳಿಸಿದ ಚಿತ್ರಗಳು

ಹಾಗಾದರೆ ಉಳಿದ ಚಿತ್ರಗಳು ಹೇಗೆ ಉಳಿದುವು? ಮೂರು ದೃಷ್ಟಾಂತಗಳನ್ನು ಕೊಡುತ್ತೇನೆ.

ಮೊದಲನೆಯದು ಜರ್ಮನಿಯ ‘ನೊಸ್ಫೆರಾಟು’ (೧೯೨೨). ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಂಡರೆಂದು ಆತನ ಪತ್ನಿ ನ್ಯಾಯಾಲಯಕ್ಕೆ ಹೋದರು. ಚಿತ್ರದ ಪ್ರತಿಗಳನ್ನೆಲ್ಲ ನಾಶ ಮಾಡಬೇಕೆಂದು ೧೯೨೫ರಲ್ಲಿ ತೀರ್ಪಾಯಿತು. ಅಷ್ಟರಲ್ಲಿ ಕೆಲವು ಪ್ರತಿಗಳು ಹೊರಗೆ ಹೋಗಿದ್ದುವಾದ್ದರಿಂದ ಚಿತ್ರ ಬದುಕಿತು.

ಎರಡನೆಯದು ಡೆನ್ಮಾರ್ಕಿನ ಕಾರ್ಲ್ ಡ್ರೈಯರ್ ಫ್ರಾನ್ಸಿನಲ್ಲಿ ತೆಗೆದ ‘ಜೋನ್ ಆಫ್ ಆರ್ಕಳ ಯಾತನೆ’ (೧೯೨೮). ಇದರ ಮೂಲ ನೆಗೆಟಿವ್ ಅದೇ ವರ್ಷ ಬರ್ಲಿನ್ನಿನಲ್ಲಿ ಸುಟ್ಟುಹೋಯಿತು. ಉಳಿದಿದ್ದ ಬೇರೆ ತುಣುಕುಗಳಿಂದ ಡ್ರೈಯರ್ ಮತ್ತೊಮ್ಮೆ ಚಿತ್ರವನ್ನು ಜೋಡಿಸಿದರು. ಅದೂ ೧೯೨೯ರಲ್ಲಿ ಬೆಂಕಿಯ ಪಾಲಾಯಿತು. ತಮ್ಮ ಮೂಲಕೃತಿ ಅಳಿಯಿತೆಂದೇ ನಂಬಿ ಅವರು ೧೯೬೮ರಲ್ಲಿ ತೀರಿಕೊಂಡರು. ೧೯೮೧ರಲ್ಲಿ ನಾರ್ವೆಯ ಓಸ್ಲೊ ಬಳಿಯ ಮಾನಸಿಕ ಆಸ್ಪತ್ರೆಯೊಂದರ ಕಪಾಟಿನಲ್ಲಿ ಮೊದಲ ರೂಪದ ಸಂಪೂರ್ಣ ಪ್ರತಿಯೊಂದು ದೊರೆಯಿತು! ಯಾರ ಕಣ್ಣಿಗೂ ಬೀಳದೆ ಮೂಲೆಯಲ್ಲಿದ್ದ ಆ ಒಂದು ಪ್ರತಿಯಿಂದಲೇ ಇಂದು ಜಗತ್ತು ಆ ಚಿತ್ರವನ್ನು ಅದರ ಮೊದಲ ರೂಪದಲ್ಲಿ ನೋಡುತ್ತಿದೆ.

ಮೂರನೆಯದು ನಮ್ಮ ಪೆಟ್ಟಿಗೆಯಲ್ಲಿ ಸಿಕ್ಕ ‘ಪಥೇರ್ ಪಾಂಚಾಲಿ’ಯದೇ (೧೯೫೫) ಕಥೆ. ರಾಯ್ ಅವರ ಹಲವು ಚಿತ್ರಗಳ ಮೂಲ ನೆಗೆಟಿವ್‌ಗಳನ್ನು ಜೀರ್ಣೋದ್ಧಾರಕ್ಕೆಂದು ಲಂಡನ್ನಿಗೆ ಕಳುಹಿಸಲಾಗಿತ್ತು. ೧೯೯೩ರ ಜುಲೈ ತಿಂಗಳಲ್ಲಿ ಅಲ್ಲಿಯ ಪ್ರಯೋಗಶಾಲೆಗೆ ಬೆಂಕಿ ಬಿದ್ದು ಅಪು ಚಿತ್ರತ್ರಯದ ನೆಗೆಟಿವ್‌ಗಳು ಸುಟ್ಟವು. ಸುಟ್ಟು ಉಳಿದ ಸುರುಳಿಗಳನ್ನು ಎಸೆಯದೆ ಅಮೆರಿಕದ ಅಕಾಡೆಮಿ ಚಿತ್ರಭಂಡಾರದಲ್ಲಿ ಇಟ್ಟರು. ಇಪ್ಪತ್ತು ವರ್ಷಗಳ ಮೇಲೆ, ೨೦೧೩ರಲ್ಲಿ, ಕ್ರೈಟೀರಿಯನ್ ಸಂಸ್ಥೆಯವರು ಆ ಪೆಟ್ಟಿಗೆಗಳನ್ನು ತೆರೆಸಿದರು. ಇಟಲಿಯ ಬೊಲೋನ್ಯಾ ನಗರದ ಕುಶಲಿಗಳು, ಹಪ್ಪಳದಂತೆ ಮುರಿಯುತ್ತಿದ್ದ ಆ ಫಿಲ್ಮಿಗೆ ಮತ್ತೆ ತೇವ ಕೊಟ್ಟು ಮೆತ್ತಗೆ ಮಾಡಿ, ಕರಗಿದ ಅಂಟನ್ನು ಬಿಡಿಸಿ, ಅಂಚಿನ ತೂತುಗಳನ್ನು ಕೈಯಿಂದಲೇ ಸರಿಪಡಿಸಿದರು. ಇದಕ್ಕೆ ಸುಮಾರು ಒಂದು ಸಾವಿರ ಗಂಟೆಗಳ ಕೈಕೆಲಸ ಹಿಡಿಯಿತು. ಹೀಗೆ ‘ಪಥೇರ್ ಪಾಂಚಾಲಿ’ಯ ಶೇಕಡ ೪೦ ಭಾಗ, ‘ಅಪರಾಜಿತೊ’ದ ಶೇಕಡ ೬೦ಕ್ಕೂ ಹೆಚ್ಚು ಭಾಗ ಮೂಲದಿಂದಲೇ ದೊರೆಯಿತು. ‘ಅಪುರ್ ಸಂಸಾರ್’ದ ನೆಗೆಟಿವ್ ಮಾತ್ರ ಬಳಸಲು ಬಾರದಷ್ಟು ಹಾಳಾಗಿತ್ತು.

ಉಳಿದ ಭಾಗ ಎಲ್ಲಿಂದ ಬಂದಿತು? ಇಲ್ಲಿಯೇ ನಮ್ಮ ವಿಷಯದ ಸಾರವಿದೆ. ಜೇನಸ್ ಫಿಲ್ಮ್ಸ್, ಅಕಾಡೆಮಿ, ಹಾರ್ವರ್ಡ್ ಚಿತ್ರಭಂಡಾರ, ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಇವರು ತಮ್ಮ ತಮ್ಮಲ್ಲಿ ಕಾಪಾಡಿಟ್ಟಿದ್ದ ಪ್ರತಿಗಳಿಂದ ಬಂದಿತು. ೨೦೧೫ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ, ಅಂದರೆ ಅರವತ್ತು ವರ್ಷಗಳ ಹಿಂದೆ ‘ಪಥೇರ್ ಪಾಂಚಾಲಿ’ಯ ಮೊದಲ ಪ್ರದರ್ಶನ ನಡೆದ ಸ್ಥಳದಲ್ಲಿಯೇ, ಜೀರ್ಣೋದ್ಧಾರವಾದ ಚಿತ್ರದ ಪ್ರದರ್ಶನವಾಯಿತು. ಅದೇ ವರ್ಷ ಮೂರು ಚಿತ್ರಗಳೂ ಡಿಸ್ಕಿನ ರೂಪದಲ್ಲಿ ಹೊರಬಂದುವು. ಬಂಗಾಳದ ಮೂಲ ಸುಟ್ಟರೂ ಪರದೇಶದ ಪ್ರತಿಗಳು ಅದನ್ನು ಬದುಕಿಸಿದುವು. ಅತ್ತಿಮಬ್ಬೆ ಸಾವಿರ ಪ್ರತಿ ಏಕೆ ಬರೆಯಿಸಿದಳೆಂಬುದು ನನಗೆ ತಿಳಿದದ್ದು ಇದನ್ನು ಓದಿದ ದಿನ.

ನಮ್ಮ ಕನ್ನಡಕ್ಕೂ ಇಂಥ ಭಾಗ್ಯ ಒದಗಿದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (೧೯೭೭) ಚಿತ್ರವನ್ನು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಹಾಗೂ ಮಾರ್ಟಿನ್ ಸ್ಕೋರ್ಸೆಸೆಯವರ ವಿಶ್ವಸಿನಿಮಾ ಯೋಜನೆಯವರು ಸೇರಿ ಜೀರ್ಣೋದ್ಧಾರ ಮಾಡಿಸಿದರು. ೨೦೨೪ರಲ್ಲಿ ಅದು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಇದು ಸಾಧ್ಯವಾದದ್ದು, ೧೯೬೪ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಿತ್ರಭಂಡಾರದಲ್ಲಿ ಅದರ ನೆಗೆಟಿವ್ ಉಳಿದಿದ್ದರಿಂದ. ಆ ಭಂಡಾರವನ್ನು ಕಟ್ಟಿ ಬೆಳೆಸಿದ ಪಿ. ಕೆ. ನಾಯರ್ (೧೯೩೩–೨೦೧೬) ಅವರನ್ನು ಈ ಸಂದರ್ಭದಲ್ಲಿ ಸ್ಮರಿಸುವುದು ನಮ್ಮ ಕರ್ತವ್ಯ.

ಚಿತ್ರವು ಮನೆಗೆ ಬಂದ ಬಗೆ

ಭಂಡಾರಗಳು ಮೂಲವನ್ನು ಕಾಯುತ್ತವೆ. ಆದರೆ ಓದುಗನ ಕೈಗೆ ಪುಸ್ತಕ ಬರುವಂತೆ ನೋಡುಗನ ಕೈಗೆ ಚಿತ್ರ ಬಂದದ್ದು ವಿಡಿಯೊದಿಂದ. ಸೋನಿಯ ಬೀಟಾಮ್ಯಾಕ್ಸ್ ೧೯೭೫ರಲ್ಲಿ, ಜೆ.ವಿ.ಸಿ.ಯ ವಿ.ಎಚ್.ಎಸ್. ೧೯೭೬ರಲ್ಲಿ ಬಂದುವು. ಇವು ಕಾಂತೀಯ ಸುರುಳಿಗಳು. ಪ್ರತಿ ಸಲ ಓಡಿಸಿದಾಗಲೂ ಸವೆಯತಕ್ಕವು. ೧೯೭೮ರಲ್ಲಿ ಗ್ರಾಮಫೋನ್ ತಟ್ಟೆಯಷ್ಟು ಅಗಲದ ಲೇಸರ್ ಡಿಸ್ಕು ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ೧೯೮೪ರಲ್ಲಿ ಆರಂಭವಾದ ಕ್ರೈಟೀರಿಯನ್ ಸಂಸ್ಥೆ ಈ ಡಿಸ್ಕಿನ ಮೇಲೆ ‘ಸಿಟಿಜನ್ ಕೇನ್’ (೧೯೪೧), ‘ಕಿಂಗ್ ಕಾಂಗ್’ (೧೯೩೩) ಚಿತ್ರಗಳನ್ನು ಮೊದಲು ಹೊರತಂದಿತು. ‘ಕಿಂಗ್ ಕಾಂಗ್’ ಡಿಸ್ಕಿನಲ್ಲಿ ಚಿತ್ರ ಓಡುತ್ತಿರುವಂತೆಯೇ ವಿದ್ವಾಂಸರೊಬ್ಬರ ವ್ಯಾಖ್ಯಾನವನ್ನು ಕೇಳುವ ಏರ್ಪಾಡಿತ್ತು. ಕಾವ್ಯಕ್ಕೆ ಟೀಕೆ ಇರುವಂತೆ ಚಿತ್ರಕ್ಕೂ ಟೀಕೆ ಬಂದದ್ದು ಹೀಗೆ.

ಬಳಿಕ ೧೯೯೩ರಲ್ಲಿ ವಿ.ಸಿ.ಡಿ., ೧೯೯೬ರಲ್ಲಿ ಡಿ.ವಿ.ಡಿ., ೨೦೦೬ರಲ್ಲಿ ಬ್ಲೂ-ರೇ ಬಂದುವು. ಎಲ್ಲವೂ ೧೨ ಸೆಂಟಿಮೀಟರಿನ ತಟ್ಟೆಗಳೇ. ಒಳಗಿನ ಸೂಕ್ಷ್ಮತೆಯಲ್ಲಿ ಅಂತರ. ಚಿತ್ರವನ್ನು ಸಣ್ಣ ಚುಕ್ಕೆಗಳ ಜಾಲವೆಂದು ಭಾವಿಸಿದರೆ, ವಿ.ಸಿ.ಡಿ.ಯಲ್ಲಿ ಅಡ್ಡಕ್ಕೆ ೩೫೨ ಉದ್ದಕ್ಕೆ ೨೮೮ ಚುಕ್ಕೆಗಳು, ಡಿ.ವಿ.ಡಿ.ಯಲ್ಲಿ ೭೨೦ ಮತ್ತು ೫೭೬. ಬ್ಲೂ-ರೇಯಲ್ಲಿ ೧೯೨೦ ಮತ್ತು ೧೦೮೦. ವಿ.ಸಿ.ಡಿ.ಯಲ್ಲಿ ಹಿಡಿಯುವುದು ಒಂದೂಕಾಲು ಗಂಟೆಯಷ್ಟೇ ಆದ್ದರಿಂದ ನಮ್ಮ ಚಿತ್ರಗಳಿಗೆ ಎರಡು ಮೂರು ಡಿಸ್ಕು ಬೇಕಾಗುತ್ತಿದ್ದುವು. ಬದಲಿಸುವ ಹೊತ್ತೇ ನಮ್ಮ ಮನೆಯ ಮಧ್ಯಂತರ! ೨೦೦೭ರ ಸುಮಾರಿಗೆ ಮೋಸರ್ ಬೇರ್ ಕಂಪೆನಿಯವರು ೨೮ ರೂಪಾಯಿಗೆ ವಿ.ಸಿ.ಡಿ., ೩೪ ರೂಪಾಯಿಗೆ ಡಿ.ವಿ.ಡಿ. ಮಾರತೊಡಗಿದ ಮೇಲೆ ಬಡವರ ಮನೆಗೂ ಚಿತ್ರಸಂಗ್ರಹ ಎಟುಕಿತು.

ಸಂಗ್ರಹಿಸುವವರು ತಿಳಿಯಬೇಕಾದ ಸಂಗತಿಗಳು

ಮೊದಲನೆಯದಾಗಿ, ಚೌಕಟ್ಟನ್ನು ನೋಡಬೇಕು. ಹಳೆಯ ಟಿ.ವಿ.ಯ ಪರದೆ ೪:೩ರ ಪ್ರಮಾಣದ್ದು. ‘ಕಾಗಜ್ ಕೆ ಫೂಲ್’ (೧೯೫೯) ಚಿತ್ರದಂಥ ಸಿನಿಮಾಸ್ಕೋಪ್ ಚಿತ್ರವನ್ನು ಅದರಲ್ಲಿ ತುಂಬಿಸಬೇಕಾದರೆ ಎರಡು ಬದಿಗಳನ್ನು ಕತ್ತರಿಸಬೇಕಾಗುತ್ತದೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಕಂಡರೆ ಚಿತ್ರ ಕಡಿಮೆಯಾಯಿತೆಂದು ಅಂಗಡಿಗೆ ಬಂದು ಜಗಳವಾಡಿದ ಗಿರಾಕಿಗಳನ್ನು ತಂದೆಯವರು ಇಂದಿಗೂ ನೆನೆಯುತ್ತಾರೆ. ವಾಸ್ತವವಾಗಿ ಪೂರ್ಣ ಚಿತ್ರ ಇರುವುದು ಆ ಪಟ್ಟಿಗಳಿರುವ ಡಿಸ್ಕಿನಲ್ಲಿಯೇ.

ಎರಡನೆಯದಾಗಿ, ವಲಯವನ್ನು ನೋಡಬೇಕು. ಡಿ.ವಿ.ಡಿ.ಗಳಿಗೆ ಜಗತ್ತನ್ನು ಆರು ವಲಯಗಳಾಗಿ ಹಂಚಿದ್ದಾರೆ. ಭಾರತ ಐದನೆಯದು, ಅಮೆರಿಕ ಮೊದಲನೆಯದು. ಪರದೇಶದ ಡಿಸ್ಕನ್ನು ಹಣ ಕೊಟ್ಟು ತರಿಸಿ, ಇಲ್ಲಿಯ ಪ್ಲೇಯರಿನಲ್ಲಿ ಓಡದಿದ್ದರೆ ಮರುಗಬೇಕಾಗುತ್ತದೆ.

ಮೂರನೆಯದಾಗಿ, ಕಾಪಾಡುವ ಕ್ರಮ. ಡಿಸ್ಕನ್ನು ಅಂಚಿನಲ್ಲಿ ಮತ್ತು ನಡುವಿನ ತೂತಿನಲ್ಲಿ ಹಿಡಿಯಬೇಕು. ಒರೆಸುವಾಗ ಬಳೆಯಂತೆ ಸುತ್ತಿಸದೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಪುಸ್ತಕದಂತೆ ನಿಲ್ಲಿಸಿ, ಬಿಸಿಲು ತೇವಗಳಿಂದ ದೂರ ಇಡಬೇಕು. ವಿ.ಸಿ.ಡಿ.ಯಲ್ಲಿ ಹೊಳೆಯುವ ಲೋಹದ ಪದರ ಇರುವುದು ಹೆಸರು ಅಚ್ಚಾದ ಬದಿಯ ತೆಳು ಮೆರುಗಿನ ಕೆಳಗೆ. ಆದ್ದರಿಂದ ಕೆಳಬದಿಗಿಂತ ಮೇಲ್ಬದಿಯೇ ನಾಜೂಕು, ಅಲ್ಲಿ ಚೀಟಿ ಅಂಟಿಸಬಾರದು. ಡಿ.ವಿ.ಡಿ.ಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ ಹಲಗೆಗಳ ನಡುವೆ ಇರುತ್ತದೆ. ಅಂಚಿನ ಅಂಟು ಬಿಟ್ಟು ಗಾಳಿ ತಗುಲಿದರೆ ಅದೂ ಕೆಡುತ್ತದೆ. ನಮ್ಮ ‘ಪಥೇರ್ ಪಾಂಚಾಲಿ’ಗೆ ಆದದ್ದು ಇದೇ. ಒಂಬತ್ತು ಬೇಸಿಗೆಗಳನ್ನು ಅದು ತಗಡಿನ ಸೂರಿನ ಕೆಳಗೆ ಕಳೆದಿತ್ತು.

ನಾಲ್ಕನೆಯದಾಗಿ, ನ್ಯಾಯ. ಬಾಡಿಗೆ ಅಂಗಡಿಗಳಲ್ಲಿ ಕಳ್ಳಪ್ರತಿಗಳು ಇರುತ್ತಿದ್ದುವೆಂಬುದು ಎಲ್ಲರಿಗೂ ತಿಳಿದದ್ದೇ. ನಮ್ಮ ಪೆಟ್ಟಿಗೆಯಲ್ಲಿಯೂ ಇದ್ದುವೆಂದು ಹೇಳಲು ನನಗೆ ನಾಚಿಕೆಯಾದರೂ ಹೇಳಬೇಕು. ಅವು ಸಂಗ್ರಹವಲ್ಲ. ನಮ್ಮ ೧೯೫೭ರ ಕೃತಿಸ್ವಾಮ್ಯ ಕಾನೂನಿನಂತೆ ಚಲನಚಿತ್ರದ ಹಕ್ಕು ಬಿಡುಗಡೆಯಾದ ವರ್ಷದ ಮರುವರ್ಷದಿಂದ ೬೦ ವರ್ಷ ಇರುತ್ತದೆ. ೧೯೫೫ರ ‘ಪಥೇರ್ ಪಾಂಚಾಲಿ’ಯ ಅವಧಿ ೨೦೧೫ರ ಕೊನೆಗೆ ಮುಗಿಯಿತು. ಹಕ್ಕು ಇರುವಷ್ಟು ಕಾಲ ದುಡಿದವರಿಗೆ ಸಲ್ಲಬೇಕಾದುದು ಸಲ್ಲಲೇಬೇಕು.

ಒಂದು ಆಕ್ಷೇಪಣೆ

“ಎಲ್ಲವೂ ಮೊಬೈಲಿನಲ್ಲಿ ದೊರೆಯುವಾಗ ಈ ತಟ್ಟೆಗಳ ಗೊಡವೆ ಏಕೆ?” ಎಂದು ಗೆಳತಿಯರು ಕೇಳುತ್ತಾರೆ. ಪ್ರಶ್ನೆ ಸಾಧುವಾದುದೇ. ಅಂಚೆಯಲ್ಲಿ ಡಿ.ವಿ.ಡಿ. ಕಳುಹಿಸುತ್ತ ಬೆಳೆದ ನೆಟ್‌ಫ್ಲಿಕ್ಸ್ ಕಂಪೆನಿಯೇ ೨೦೨೩ರ ಸೆಪ್ಟೆಂಬರಿನಲ್ಲಿ ಆ ಸೇವೆಯನ್ನು ನಿಲ್ಲಿಸಿತು. ಆದರೆ ಚಂದಾ ಕೊಟ್ಟು ನೋಡುವ ಚಿತ್ರ ನಮ್ಮದಲ್ಲ. ಒಪ್ಪಂದ ಮುಗಿದ ದಿನ ಅದು ಹೇಳದೆ ಕೇಳದೆ ಮಾಯವಾಗುತ್ತದೆ. ನದಿಯಲ್ಲಿ ನೀರಿದೆಯೆಂದು ಮನೆಯ ಕೊಡವನ್ನು ಒಡೆಯುವವರುಂಟೆ? ಮೊಬೈಲಿನಲ್ಲಿ ನೋಡುವುದು ತಪ್ಪೆಂದು ನಾನು ಹೇಳುವುದಿಲ್ಲ, ನಾನೂ ನೋಡುತ್ತೇನೆ. ಮೆಚ್ಚಿದ ಹತ್ತು ಚಿತ್ರಗಳಾದರೂ ಕೈಯಲ್ಲಿರಲಿ ಎಂಬುದಷ್ಟೇ ನನ್ನ ವಾದ.

ಮುಗಿಸುವ ಮುನ್ನ

ಡಿಸೆಂಬರ್ ರಜೆಯಲ್ಲಿ ನಾನು ನಾಲ್ಕು ಪೆಟ್ಟಿಗೆಗಳನ್ನೂ ಪರೀಕ್ಷಿಸಿದೆ. ನೂರಕ್ಕಿಂತ ಹೆಚ್ಚು ಡಿಸ್ಕುಗಳು ಕೆಟ್ಟಿದ್ದುವು. ಕಳ್ಳಪ್ರತಿಗಳನ್ನು ಬೇರೆ ತೆಗೆದೆ. ಉಳಿದವುಗಳಲ್ಲಿ ಒಳ್ಳೆಯವೆಂದು ತೋರಿದ ಅರವತ್ತನ್ನು ಆರಿಸಿ, ಚಿತ್ರದ ಹೆಸರು, ವರ್ಷ, ನಿರ್ದೇಶಕರು, ಭಾಷೆ, ಡಿಸ್ಕಿನ ಸ್ಥಿತಿ ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದೆ. ಬರೆದದ್ದು ತಂದೆಯವರ ಖಾತೆಪುಸ್ತಕದ ಖಾಲಿ ಹಾಳೆಗಳಲ್ಲಿಯೇ. ನಮ್ಮ ಗುರುಗಳೊಬ್ಬರು ತಮ್ಮಲ್ಲಿದ್ದ ‘ಪಥೇರ್ ಪಾಂಚಾಲಿ’ಯ ಡಿಸ್ಕನ್ನು ಎರಡು ದಿನಗಳ ಮಟ್ಟಿಗೆ ಕೊಟ್ಟರು. ನಿಂತ ಸ್ಥಳದಿಂದ ಮುಂದಕ್ಕೆ ನೋಡಿದೆವು. ಎತ್ತಿನ ಬಂಡಿಯಲ್ಲಿ ಆ ಕುಟುಂಬ ಊರು ಬಿಟ್ಟು ಹೋಗುವುದನ್ನು ಕಂಡು ತಂದೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಪೆಟ್ಟಿಗಿ ಗುಜರಿಗೆ ಹಾಕಬ್ಯಾಡ ಯವ್ವಾ” ಎಂದಷ್ಟೇ ಹೇಳಿ ಮಲಗಿದರು.

ಕಾಲೇಜಿನ ಆಡಳಿತದವರಲ್ಲಿ ನನ್ನದೊಂದು ಸವಿನಯ ಬಿನ್ನಹ. ನಮ್ಮ ಗ್ರಂಥಭಂಡಾರದಲ್ಲಿ ಪುಸ್ತಕಗಳ ಪಕ್ಕದಲ್ಲಿ ಚಿತ್ರಗಳಿಗೂ ಒಂದು ಕಪಾಟು ದೊರೆಯಲಿ. ತಿಂಗಳಿಗೊಂದು ಶನಿವಾರ ಸಭಾಂಗಣದಲ್ಲಿ ಒಂದು ಚಿತ್ರವನ್ನು ನೋಡಿ ಚರ್ಚಿಸುವಂತಾಗಲಿ. ತಂದೆಯವರ ಒಪ್ಪಿಗೆಯಿಂದ ಆ ಅರವತ್ತು ಡಿಸ್ಕುಗಳನ್ನೂ ಪಟ್ಟಿಯನ್ನೂ ನಾನು ಕಾಲೇಜು ಬಿಡುವ ಮೊದಲು ಒಪ್ಪಿಸುತ್ತೇನೆ. ನಿಮ್ಮ ಮನೆಗಳ ಅಟ್ಟದ ಮೇಲೂ ಇಂಥ ಪೆಟ್ಟಿಗೆಗಳಿರಬಹುದು. ಗುಜರಿಯವನು ಬರುವ ಮೊದಲು ಒಮ್ಮೆ ತೆರೆದು ನೋಡಿರಿ.

ಅತ್ತಿಮಬ್ಬೆಯದು ಸಾವಿರ, ನಮ್ಮದು ಅರವತ್ತು. ಲಕ್ಕುಂಡಿಯಲ್ಲಿ ಗುರುಗಳು ಕೇಳಿದ ಪ್ರಶ್ನೆಗೆ ತಡವಾಗಿಯಾದರೂ ನಾನು ಒಪ್ಪಿಸುತ್ತಿರುವ ಉತ್ತರವಿದು.